ಯಂಕಂಚಿಯ ಗಾಳಿ, ಝಳಕಿಯ ಗಾಳಿ

ನಿನ್ನೆ ಕಾಲೇಜಿನ ಕಪಾಟು ತೆಗೆದಾಗ ನನ್ನ ಹಳೆಯ ಯಂತ್ರವಿದ್ದ ಚೀಲದಿಂದ ಎರೆಮಣ್ಣಿನ ವಾಸನೆ ಬಂತು. ನೀವು ನಗಬಹುದು, ಒಂದು ಕಾಲಕ್ಕೆ ಗಾಳಿ ಅಳೆಯುವುದೇ ನನ್ನ ಕೆಲಸವಾಗಿತ್ತು. ಮಣ್ಣು ತನ್ನಷ್ಟಕ್ಕೆ ತಾನೇ ರೇಡಾನ್ ಎಂಬ ವಿಕಿರಣದ ಅನಿಲವನ್ನು ಬಿಡುತ್ತಿರುತ್ತದೆ. ಬಯಲಲ್ಲಿ ಅದು ಹರಡಿ ತೆಳುವಾಗುತ್ತದೆ. ಇಂಡಿ, ಸಿಂದಗಿ ಕಡೆ ಅದೆಷ್ಟಿದೆಯೆಂದು ನೋಡಲು ಸಂಶೋಧನೆಯ ಹುಮ್ಮಸ್ಸಿನಲ್ಲಿ ಹೊರಟಿದ್ದೆ. ತಲೆಗೊಂದು ಟೋಪಿ, ಕೈಯಲ್ಲಿ ಕಿಚ್‌ಕಿಚ್ ಎನ್ನುವ ಯಂತ್ರ. ಜೋಳದ ಹೊಲದ ಹಕ್ಕಿಗಳು ನನ್ನನ್ನು ಬೆದರುಬೊಂಬೆ ಎಂದೇ ತಿಳಿದಿರಬೇಕು.

ಸಿಂದಗಿ ಕಡೆಯ ಯಂಕಂಚಿ ಎಂಬ ಹಳ್ಳಿಯಲ್ಲಿ ಗೌರಕ್ಕ ಎಂಬಾಕೆಯ ಮನೆಯಲ್ಲಿ ಉಳಿದಿದ್ದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು! ಗಾಳಿಯ ಬದಲು ಆ ಊಟದ ಮೇಲೆ ಪ್ರಬಂಧ ಬರೆದಿದ್ದರೆ ಬೇಗ ಮುಗಿಯುತ್ತಿತ್ತು. ಗೌರಕ್ಕನ ಮಗಳು ಶಾಂತಾಳಿಗೆ ಝಳಕಿಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಸುದ್ದಿ ಹಬ್ಬಿತು: ಯಂಕಂಚಿಯ ಗಾಳಿಯಲ್ಲಿ ವಿಷವಿದೆಯಂತೆ, ಅಳೆಯಲು ವಿಜಯಪುರದಿಂದ ಜನ ಬಂದಿದ್ದಾರಂತೆ. ಬೀಗರು ಮದುವೆ ಸದ್ಯಕ್ಕೆ ಬೇಡ ಎಂದರು.

ಗೌರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಾಂತಾ ಅಳಲಿಲ್ಲ. ನೆಟ್ಟಗೆ ನನ್ನ ಮುಂದೆ ಬಂದು ನಿಂತಳು.

"ಅಕ್ಕಾರ, ಖರೆ ಹೇಳ್ರಿ. ನಮ್ಮ ಗಾಳ್ಯಾಗ ವಿಷ ಐತೇನ್ರಿ?"

"ಇಲ್ಲವ್ವ. ಎಲ್ಲಾ ಕಡೆ ಇದ್ದಂಗ ಇಲ್ಲೂ ಐತಿ, ಅಷ್ಟ."

"ಎಲ್ಲಾ ಕಡೆ ಅಂದ್ರ ಝಳಕ್ಯಾಗೂ ಐತಿ, ಹೌದಿಲ್ರಿ? ಹಂಗಾರ ನಿಮ್ಮ ಮಷಿನ್ ತಗೊಂಡು ನಡೀರಿ!"

ಮರುದಿನ ಮೂವರೂ ಬಸ್ಸು ಹತ್ತಿದೆವು. ಹುಡುಗನ ಮನೆಯ ಅಂಗಳದಲ್ಲಿ ಯಂತ್ರವಿಟ್ಟೆ. ಓಣಿಯೆಲ್ಲ ನೆರೆದಿತ್ತು. ಯಂತ್ರ ಸುಮ್ಮನೆ ಕೂತಿತು. ಶಾಂತಾ ಹುಡುಗನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕೊನೆಗೊಮ್ಮೆ ಕಿಚ್ ಎಂದಿತು. ಮತ್ತೆ ಕಿಚ್, ಕಿಚ್. ಯಂಕಂಚಿಗಿಂತ ಒಂದು ಕೂದಲೆಳೆ ಹೆಚ್ಚೇ!

ಹುಡುಗನ ಅಜ್ಜಿ ಬಾಗಿ ನೋಡಿದರು. "ಏನಂತೈತಿ ಇದು?"

"ಅಲ್ಲಿ ಗಾಳಿ, ಇಲ್ಲಿ ಗಾಳಿ ಎರಡೂ ಒಂದ ಅಂತೈತ್ರಿ. ಹುಟ್ಟಿದಾಗಿಂದ ನೀವೂ ಇದನ್ನ ಉಸಿರಾಡಾಕತ್ತೀರಿ," ಎಂದೆ.

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕರು. "ಗಾಳಿನ ಕೂಡಿಬಂದ ಮ್ಯಾಲ ಇನ್ನೇನ ಕೂಡಬೇಕ್ರಪಾ? ಅಕ್ಕಿಕಾಳು ಹಾಕ್ರಿ!"

ಆಗ ಶಾಂತಾ ಹುಡುಗನನ್ನು ನೋಡಿದಳು. ಮದುವೆ ಮೊದಲು ಗೊತ್ತುಮಾಡಿದ್ದ ಮುಹೂರ್ತಕ್ಕೇ ನಡೆಯಿತು.

ಇಂದು ಕಾಲೇಜಿನಲ್ಲಿ ಹುಡುಗಿಯೊಬ್ಬಳು, "ಮೇಡಂ, ರೇಡಾನ್ ಅಂದ್ರ ಅಂಜಬೇಕೇನ್ರಿ?" ಎಂದು ಕೇಳಿದಳು. ದಿನದ ರೂಢಿಯಂತೆ ಬೋರ್ಡಿನತ್ತ ತಿರುಗಿದವಳು ಸೀಮೆಸುಣ್ಣ ಕೆಳಗಿಟ್ಟೆ. ಎಲ್ಲರನ್ನೂ ಹೊರಗೆ ಕರೆದೊಯ್ದು ಕಪಾಟಿನಲ್ಲಿದ್ದ ಆ ಹಳೆಯ ಯಂತ್ರವನ್ನು ಅವಳ ಕೈಗೇ ಕೊಟ್ಟೆ. ಅದು ಕಿಚ್ ಎಂದಾಗ ಚೀರಿದಳು, ಆಮೇಲೆ ನಕ್ಕಳು.

"ನಮ್ಮೂರಾಗ ಇದು ಹೆಂಗ ಒದರತೈತೋ ಕೇಳಬೇಕ್ರಿ."

ಬರುವ ಭಾನುವಾರ ನಾವೆಲ್ಲ ಅವಳ ಊರಿಗೆ ಹೊರಟಿದ್ದೇವೆ.