ಗಾಜಿನ ಮನೆಗೆ ಬಳಿದ ಸುಣ್ಣ

ನಿಜಾಮರ ಕಾಲದಲ್ಲಿ ಗಂಗಾವತಿಯ ಒಬ್ಬ ಸಾಹೇಬರ ತೋಟದ ಕೆಲಸಕ್ಕೆ ಸೇರಿದ ಮೊದಲ ದಿನ. ಸಸಿ ಬೆಳೆಸುವ ಗಾಜಿನ ಮನೆಯ ಚಾವಣಿ ಸುಣ್ಣ ಹತ್ತಿ ಮಸುಕಾಗಿತ್ತು. ಹೊಲಸೆಂದು ತಿಳಿದು ತಿಕ್ಕಿ ತೊಳೆದು ಫಳಫಳ ಹೊಳೆಯುವಂತೆ ಮಾಡಿದೆ. ನೀರು ಹಾಕಲು ಬಂದ ತೋಟದಾಳು ಹುಲಿಗೆವ್ವ ಮೇಲೆ ನೋಡಿ ಕೊಡ ಕೆಳಗಿಟ್ಟಳು.

“ಅದನ್ನ ನಾನ ಬಳದಿದ್ದೆ ತಮ್ಮಾ. ಬಿಸಲು ನೆಟ್ಟಗ ಬಿದ್ರ ಸಸಿ ಸುಡತಾವು. ಸುಣ್ಣ ಇದ್ರ ಬೆಳಕು ಜರಡಿ ಹಿಡದಂಗ ಎಲ್ಲಾ ಎಲಿಗೂ ಬೀಳತೈತಿ.”

ಬದನೆ ಸಸಿಗಳು ಆಗಲೇ ಬಾಡತೊಡಗಿದ್ದವು. ನಾನು ಓಡಿಹೋಗಿ ಏಣಿ ತಂದೆ. ಅವಳು ಸುಣ್ಣ ಕಲಸಿ ಕೊಟ್ಟಳು, ನಾನು ಏಣಿ ಹತ್ತಿ ಬಳಿದೆ. ಸಂಜೆಗೆ ಸಸಿಗಳು ಚೇತರಿಸಿಕೊಂಡು ನಿಂತಾಗ ಇಬ್ಬರೂ ಮನಸಾರೆ ನಕ್ಕೆವು.

ಅಷ್ಟರಲ್ಲಿ ಸಾಹೇಬರು ಬಂದರು. “ಬಂದ ದಿನಾನ ಯಾರೂ ಹೇಳದಿದ್ರೂ ಸುಣ್ಣ ಬಳದೀಯಲ್ಲ, ಶಾಭಾಸ್” ಎಂದರು. ಹುಲಿಗೆವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. ಆ ಶಾಭಾಸನ್ನು ನಾನು ಇವತ್ತಿಗೂ ವಾಪಸು ಕೊಟ್ಟಿಲ್ಲ.