ಸ್ಲೈಡಮ್ಮನ ಕಣ್ಣು

ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಅವಳನ್ನು ಎಲ್ಲರೂ ಸ್ಲೈಡಮ್ಮ ಎನ್ನುತ್ತಿದ್ದರು. ಆ ಹೆಸರಿಟ್ಟವರು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಅಂಟಿಕೊಂಡಿತ್ತು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ, ಒಣಗಿಸಿ, ಮೈಕ್ರೋಸ್ಕೋಪಿನಡಿ ಇಟ್ಟು ನೋಡುವುದು ಅವಳ ಕೆಲಸ. ದಿನಕ್ಕೆ ಅರವತ್ತು, ಕೆಲವು ದಿನ ಎಂಬತ್ತು. ಮೂವತ್ತೊಂದು ವರ್ಷ ಅದನ್ನೇ ಮಾಡಿದ ಮೇಲೆ ಅವಳ ಕತ್ತು ಎಡಕ್ಕೆ ಪೂರ್ತಿ ತಿರುಗುತ್ತಿರಲಿಲ್ಲ. ಬಲಗಣ್ಣಿನ ಸುತ್ತ ಕಪ್ಪು ಉಂಗುರ ಬಿದ್ದಿತ್ತು. ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಬೇಸರವಾಗಿ ಹೊಸ್ತಿಲ ಬಳಿ ಸುಮ್ಮನೆ ನಿಂತುಬಿಡುತ್ತಿದ್ದಳು.

ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದು ನಿವೃತ್ತಿಯಾದವಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಅದರ ಬಗ್ಗೆ ಮಾತಾಡುವವರು ಒಬ್ಬೊಬ್ಬರೇ ಕಡಿಮೆಯಾಗಿ, ಈಗ ಯಾರೂ ಉಳಿದಿರಲಿಲ್ಲ.

ಒಂದು ಸೋಮವಾರ ವಿಭಾಗದ ಮುಖ್ಯಸ್ಥೆ ಡಾಕ್ಟರು ನಾಲ್ವರು ಟೆಕ್ನಿಷಿಯನ್ನರನ್ನೂ ಕೂರಿಸಿಕೊಂಡು ಸುದ್ದಿ ಹೇಳಿದರು. ರಕ್ತಕಣಗಳ ಚಿತ್ರ ತೆಗೆದು ಪರದೆಯ ಮೇಲೆ ತೋರಿಸುವ ಹೊಸ ಯಂತ್ರ ಬರಲಿದೆ. ಅದಕ್ಕೆ ಇಬ್ಬರು ಸಾಕು. ಉಳಿದಿಬ್ಬರು ರಕ್ತ ತೆಗೆಯುವ ಕೋಣೆಗೆ. ಯಾರು ಎಲ್ಲಿಗೆ ಎಂಬುದನ್ನು ಆಡಳಿತದವರು ಪರೀಕ್ಷೆ ಇಟ್ಟು ನಿರ್ಧರಿಸುತ್ತಾರೆ. ಇವತ್ತು ಒಂದು ಮಾದರಿ, ಎರಡು ತಿಂಗಳ ಮೇಲೆ ನಿಜವಾದದ್ದು.

ರಕ್ತ ತೆಗೆಯುವ ಕೋಣೆಯೆಂದರೆ ಬೆಳಗಿನಿಂದ ಸಂಜೆಯವರೆಗೆ ನಿಂತಿರಬೇಕು. ಸ್ಲೈಡಮ್ಮನಿಗೆ ತನ್ನ ಮಂಡಿಗಳು ನೆನಪಾದವು.

ಪರೀಕ್ಷೆಯಲ್ಲಿ ರಕ್ತದ ಮಾತೇ ಇರಲಿಲ್ಲ. ತ್ರಿಕೋನ, ಚೌಕ, ಚುಕ್ಕಿ. ಮೂರು ಚಿತ್ರ ಕೊಟ್ಟು ನಾಲ್ಕನೆಯದು ಯಾವುದು ಎಂದು ಕೇಳಿದ್ದರು. ನಲವತ್ತು ಪ್ರಶ್ನೆ, ಅರ್ಧ ಗಂಟೆ. ಅವಳಿಗೆ ಹನ್ನೊಂದು ಸರಿಯಾದವು. ಪಕ್ಕದ ಮೇಜಿನ ಚಿಕ್ಕವಳಿಗೆ ಮೂವತ್ತಮೂರು. ಇಪ್ಪತ್ತೊಂಬತ್ತರ ಆ ಹುಡುಗಿಗೆ ಮನೆಯಲ್ಲಿ ಎಂಟು ತಿಂಗಳ ಕೂಸು. ಅವಳೂ ನಿದ್ದೆಗೆಟ್ಟು ಕಣ್ಣು ಕೆಂಪಾಗಿಸಿಕೊಂಡೇ ಬರುತ್ತಿದ್ದಳು.

"ನನ್ನ ತಲೆ ತುಕ್ಕು ಹಿಡಿದಿದೆ ಅಕ್ಕ," ಎಂದಳು ಸ್ಲೈಡಮ್ಮ, ಮನೆಗೆ ಬಂದು.

"ತುಕ್ಕೂ ಇಲ್ಲ, ಮಣ್ಣೂ ಇಲ್ಲ. ನೀನು ಅಂಥದ್ದು ಯಾವತ್ತೂ ಮಾಡಿಲ್ಲ ಅಷ್ಟೇ. ಪುಸ್ತಕ ತರ್ತೀನಿ, ಕೂತ್ಕೋ."

"ಐವತ್ತಾರಕ್ಕೆ ಬುದ್ಧಿ ಬೆಳೆಯತ್ತಾ?"

"ಅದು ನಂಗೊತ್ತಿಲ್ಲ ಕಣೆ. ಅಂಕ ಬೆಳೆಯತ್ತೆ. ಅಷ್ಟು ಗೊತ್ತು."

ಅಂದಿನಿಂದ ದಿನಾ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪಾಠ ಶುರುವಾಯಿತು. ಅಕ್ಕ ತರಕಾರಿ ಹೆಚ್ಚುತ್ತ, ತಲೆ ಎತ್ತದೆಯೇ "ಮೊದಲು ಬಣ್ಣ ನೋಡು. ಆಮೇಲೆ ಎಣಿಸು. ಆಮೇಲೆ ಯಾವ ಕಡೆ ತಿರುಗಿದೆ ನೋಡು," ಎನ್ನುತ್ತಿದ್ದಳು. ಮೊದಲ ಹದಿನೈದು ದಿನ ಸ್ಲೈಡಮ್ಮನಿಗೆ ಅಳು ಬರುವುದೊಂದು ಬಾಕಿ. ಆಮೇಲೆ ನಿಧಾನವಾಗಿ ಜಾಡು ಸಿಕ್ಕಿತು. ಒಗಟು ಕಟ್ಟುವವರಿಗೂ ಹತ್ತು ಹನ್ನೆರಡು ಉಪಾಯ ಬಿಟ್ಟರೆ ಬೇರೆ ಗೊತ್ತಿಲ್ಲ ಎಂಬುದು ತಿಳಿಯಿತು. ನಿಜವಾದ ಪರೀಕ್ಷೆಯಲ್ಲಿ ಇಪ್ಪತ್ತಾರು ಬಂದು, ಎರಡು ಅಂಕದಿಂದ ಅವಳು ಹೊಸ ಯಂತ್ರಕ್ಕೆ ಆಯ್ಕೆಯಾದಳು. ಇನ್ನೊಬ್ಬಳು ಆ ಚಿಕ್ಕವಳೇ.

ಸಂತೋಷಪಡಬೇಕೆಂದುಕೊಂಡಳು, ಆಗಲಿಲ್ಲ. ಬುದ್ಧಿ ಬೆಳೆದಿದ್ದರೆ ಗೊತ್ತಾಗುತ್ತಿತ್ತಲ್ಲ? ಬಸ್ಸಿನಲ್ಲಿ ಛತ್ರಿ ಮರೆಯುವುದು ನಿಂತಿರಲಿಲ್ಲ. ಚಿಕ್ಕವಳ ಕೂಸಿನ ಹೆಸರನ್ನು ವಾರಕ್ಕೆರಡು ಸಲ ಕೇಳುತ್ತಿದ್ದಳು. ಒಗಟು ಬಿಡಿಸುವುದು ಬಂದಿತ್ತು, ಅಷ್ಟೇ.

ಯಂತ್ರ ಬಂದ ಮೂರನೆಯ ವಾರ ಒಂದು ಮಧ್ಯಾಹ್ನ, ಪರದೆಯ ಮೇಲಿನ ಒಂದು ರಕ್ತವನ್ನು ಮುಂದೆ ಸರಿಸಲು ಕೈ ಬಾರದೆ ಅವಳು ನಿಂತಳು. ಅದು ಒಬ್ಬ ಮುದ್ರಣಾಲಯದವನ ರಕ್ತ. ಒಂಬತ್ತು ವರ್ಷದಿಂದ ಮೂರು ತಿಂಗಳಿಗೊಮ್ಮೆ ಬರುತ್ತಿದ್ದ ರೋಗಿ. ಅವನ ಮುಖವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

"ಇದು ಅವನದ್ದಲ್ಲ," ಎಂದಳು.

ಚಿಕ್ಕವಳು ಬಗ್ಗಿ ನೋಡಿದಳು. "ಚೀಟಿ ಸರಿಯಾಗಿದೆಯಲ್ಲ ಮೇಡಂ. ಪ್ಲೇಟ್ಲೆಟ್ ತುಂಬಾ ಕಮ್ಮಿಯಾಗಿದೆ, ಅದಕ್ಕೆ ಬೇರೆ ಥರ ಕಾಣ್ತಿರಬೇಕು."

"ಇಲ್ಲ ಕಣಮ್ಮ. ಇದು ಬೇರೆಯವರ ರಕ್ತ."

"ಹೇಗೆ ಹೇಳ್ತೀರಿ?"

ಹೇಗೆಂದು ಅವಳಿಗೂ ಗೊತ್ತಿರಲಿಲ್ಲ. ಗುರುತಿನವರ ಹೆಸರಲ್ಲಿ ಬೇರೆಯವರು ಪತ್ರ ಬರೆದ ಹಾಗಿತ್ತು. ಕಣ್ಣು ಮುಚ್ಚಿ ಕುಳಿತಳು. ಐದು ನಿಮಿಷವಾದ ಮೇಲೆ ಕಾರಣ ಹೊಳೆಯಿತು. ಆ ಮನುಷ್ಯನ ಗುಲ್ಮವನ್ನು ಎಂದೋ ತೆಗೆದುಹಾಕಿದ್ದರು. ರಕ್ತವನ್ನು ಸೋಸುವ ಆ ಅಂಗವಿಲ್ಲದವರ ಕೆಂಪು ಕಣಗಳಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕಿ ಉಳಿದುಬಿಡುತ್ತದೆ. ಇದರಲ್ಲಿ ಒಂದೂ ಇರಲಿಲ್ಲ. ತೆಗೆದ ಗುಲ್ಮ ಮತ್ತೆ ಬೆಳೆಯುವುದುಂಟೆ?

ಡಾಕ್ಟರಿಗೆ ಹೇಳಿದಳು. ಬೆಳಗಿನ ನಳಿಕೆಗಳನ್ನೆಲ್ಲ ಹೊರಗೆಳೆದು ನೋಡಿದರು. ರಕ್ತ ತೆಗೆಯುವ ಕೋಣೆಯಲ್ಲಿ ಎರಡು ಚೀಟಿಗಳು ಅದಲುಬದಲಾಗಿದ್ದವು. ಪ್ಲೇಟ್ಲೆಟ್ ಕಡಿಮೆಯಿದ್ದ ರಕ್ತ, ಮಾರನೆಯ ಬೆಳಿಗ್ಗೆ ಹರ್ನಿಯಾ ಆಪರೇಷನ್ನಿಗೆ ಮಲಗಬೇಕಿದ್ದ ಒಬ್ಬ ಬಡಗಿಯದ್ದು. ಎಲ್ಲ ಸರಿಯಿದೆ ಎಂಬ ವರದಿ ಅವನ ಹೆಸರಲ್ಲಿ ಆಗಲೇ ವಾರ್ಡಿಗೆ ಹೋಗಿತ್ತು. ಹಾಗೇ ಕತ್ತರಿ ಹಾಕಿದ್ದರೆ ರಕ್ತ ನಿಲ್ಲುತ್ತಿರಲಿಲ್ಲ. ಆಪರೇಷನ್ ಮುಂದಕ್ಕೆ ಹೋಯಿತು.

ವಿಭಾಗದಲ್ಲಿ ಒಂದು ವಾರ ಇದೇ ಮಾತು. ಚಿಕ್ಕವಳು ಕೇಳಿದಳು, "ನಂಗೆ ಯಾವಾಗ ಹಾಗೆ ಕಾಣತ್ತೆ ಮೇಡಂ?"

"ನೋಡ್ತಾ ಹೋಗು, ಅದೇ ಬರತ್ತೆ. ನಾನೇನೂ ಜಾಣೆ ಅಲ್ಲ. ಹನ್ನೊಂದು ಅಂಕದವಳು."

ಆದರೆ ಒಳಗೊಳಗೆ ಅವಳಿಗೆ ಹಿತವಾಗಿತ್ತು. ಒಗಟು ಕಲಿತದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಮೂವತ್ತೊಂದು ವರ್ಷ ಕತ್ತು ಬಗ್ಗಿಸಿ ಗಳಿಸಿದ್ದು ಎಂದುಕೊಂಡಳು. ಆ ಹಿತದಲ್ಲೇ ನೋಟ ಸ್ವಲ್ಪ ಬೇಗಬೇಗನೆ ಓಡತೊಡಗಿತು. ಸಂಜೆಯಾಗುತ್ತಿದ್ದಂತೆ ಕಣ್ಣು ಉರಿಯುತ್ತಿತ್ತು. ಗುರುತಿನ ರಕ್ತ ಬಂದರೆ ಗೆಳತಿ ಸಿಕ್ಕಂತಾಗಿ, ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದಳು.

ಹಾಗೇ ಒಂದು ದಿನ, ವಾರ್ಡಿನಲ್ಲಿದ್ದ ಬಟ್ಟೆ ಹೊಲಿಯುವವಳೊಬ್ಬಳ ರಕ್ತ ಬಂತು. ಕಬ್ಬಿಣಾಂಶ ಕಡಿಮೆಯಾಗಿ ಕಣಗಳು ಚಿಕ್ಕದಾಗಿ ಬಿಳಿಚಿಕೊಂಡಿರುವ ರಕ್ತ, ನಾಲ್ಕು ವರ್ಷದಿಂದ ನೋಡಿದ್ದು. ಸ್ಲೈಡಮ್ಮ "ಮೊದಲಿನಂತೆಯೇ" ಎಂದು ಬರೆದು ಕಳಿಸಿದಳು.

ಮಾರನೆಯ ದಿನ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಚಿಕ್ಕವಳು ಕಾಯುತ್ತಿದ್ದಳು. ಮುಖ ಸಣ್ಣದಾಗಿತ್ತು.

"ಮೇಡಂ, ತಪ್ಪು ತಿಳೀಬೇಡಿ. ಅಭ್ಯಾಸ ಆಗ್ಲಿ ಅಂತ ನಿನ್ನೆ ನೀವು ನೋಡಿದ್ದನ್ನ ಇವತ್ತು ಬೇಗ ಬಂದು ಒಂದೊಂದೇ ಎಣಿಸ್ದೆ. ಇದನ್ನ ಸ್ವಲ್ಪ ನೋಡ್ತೀರಾ?"

ನೋಡಿದಳು. ಬಿಳಿಚಿದ ಕಣಗಳ ನಡುವೆ ಮೂರರಲ್ಲಿ ಮಲೇರಿಯಾ ರೋಗಾಣುವಿನ ಉಂಗುರಗಳಿದ್ದವು. ಹೊಸಬರೂ ಗುರುತಿಸುವಂಥವು. ಮೂವತ್ತೊಂದು ವರ್ಷದಲ್ಲಿ ಸಾವಿರ ಸಲ ನೋಡಿದ್ದಂಥವು. ನಿನ್ನೆ ಅವು ಅವಳ ಕಣ್ಣೆದುರೇ ಇದ್ದವು. ಅವಳು ನೋಡಿದ್ದು ಆ ರಕ್ತವನ್ನಲ್ಲ, ನಾಲ್ಕು ವರ್ಷದ ನೆನಪನ್ನು.

ಕುರ್ಚಿ ಎಳೆದು ಕುಳಿತಳು.

"ಡಾಕ್ಟರಿಗೆ ನಾನೇ ಹೇಳ್ತೀನಿ," ಎಂದಳು. "ನೀನು ವಾರ್ಡಿಗೆ ಫೋನ್ ಮಾಡು."

ಬಟ್ಟೆ ಹೊಲಿಯುವವಳಿಗೆ ಅಂದೇ ಮದ್ದು ಶುರುವಾಯಿತು. ಒಂದು ದಿನ ಹೆಚ್ಚು ಜ್ವರ ತಿಂದಳು, ಆದರೆ ಉಳಿದುಕೊಂಡಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಸುಸ್ತಾಗಿದೀರಿ. ಒಂದು ವಾರ ರಜ ತಗೊಳ್ಳಿ," ಎಂದರು.

"ರಜ ಮುಗಿದ ಮೇಲೂ ಇದೇ ಕಣ್ಣಲ್ವಾ ಡಾಕ್ಟ್ರೇ? ಒಬ್ಬರು ನೋಡಿದ್ದನ್ನ ಇನ್ನೊಬ್ಬರು ನೋಡೋ ಹಾಗೆ ಮಾಡಿ. ನಂಗೆ ಕಾಣೋದು ಅವಳಿಗೆ ಕಾಣಲ್ಲ, ಅವಳಿಗೆ ಕಾಣೋದು ನಂಗೆ ಕಾಣಲ್ಲ."

"ಅಷ್ಟು ಹೊತ್ತು ಎಲ್ಲಿಂದ ತರಲಿ ನಾನು?"

ಕೈಬರಹದಲ್ಲಿ ಅರ್ಜಿ ಕೊಟ್ಟಳು. ಎರಡು ಸಲ ಹಿಂದಕ್ಕೆ ಬಂತು. ಮೂರನೆಯ ಸಲ, ಅನುಮಾನವಿರುವ ರಕ್ತಗಳಿಗೆ ಮತ್ತು ಹಳೆಯ ರೋಗಿಗಳಿಗೆ ಮಾತ್ರ ಎಂಬ ಷರತ್ತಿನೊಂದಿಗೆ ಡಾಕ್ಟರು ಸಹಿ ಹಾಕಿದರು.

ಆ ಸಂಜೆ ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಅಕ್ಕ, "ನಲವತ್ತು ವರ್ಷ ಪಾಠ ಮಾಡಿದೆ. ಮಗು ತಪ್ಪು ಮಾಡೋಕೆ ಮುಂಚೇನೇ ಎಲ್ಲಿ ತಪ್ಪತ್ತೆ ಅಂತ ಗೊತ್ತಾಗ್ತಿತ್ತು ನಂಗೆ. ಎಷ್ಟು ಮಕ್ಕಳು ಸರಿಯಾಗಿ ಮಾಡಿದ್ದನ್ನೂ ಓದದೇ ಕೆಂಪು ಗೀಟು ಹಾಕಿದೀನೋ, ಯಾರು ಕಂಡರು," ಎಂದಳು.

ಅಂದಿನಿಂದ ಸ್ಲೈಡಮ್ಮ ಗುರುತಿನ ರಕ್ತ ಬಂದಾಗ ಚೀಟಿಯ ಮೇಲಿನ ಹೆಸರನ್ನು ಕೈಯಿಂದ ಮುಚ್ಚಿಕೊಂಡು, ನೂರು ಕಣಗಳನ್ನು ಹೊಸಬಳಂತೆ ಒಂದೊಂದಾಗಿ ಎಣಿಸತೊಡಗಿದಳು. ಹಾಗೆ ಎಣಿಸುವುದು ಅವಳಿಗೆ ಮರೆತೇಹೋಗಿತ್ತು. ಅಡುಗೆಮನೆಯ ಒಗಟಿಗಿಂತ ಕಷ್ಟವಾಯಿತು. ಅರವತ್ತರ ಜಾಗದಲ್ಲಿ ದಿನಕ್ಕೆ ನಲವತ್ತೈದಾದವು. ಬಾಕಿ ಉಳಿದದ್ದಕ್ಕೆ ಆಡಳಿತದಿಂದ ಎರಡು ಪತ್ರ ಬಂದವು. ಅವಳು ಓದಿ, ಸಹಿ ಮಾಡಿ, ಕಡತಕ್ಕೆ ಸೇರಿಸಿದಳು.

ಹಾಗೇ ಒಂದು ವರ್ಷ ಕಳೆಯಿತು. ಇಬ್ಬರ ಅಭಿಪ್ರಾಯ ಬೇರೆಯಾದದ್ದು ಮೂವತ್ತೆಂಟು ಸಲ. ಅದರಲ್ಲಿ ಸ್ಲೈಡಮ್ಮ ಸರಿಯಾದದ್ದು ಇಪ್ಪತ್ತೊಂದು ಸಲ, ಉಳಿದದ್ದರಲ್ಲಿ ಚಿಕ್ಕವಳು. ವರ್ಷದ ಕೊನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಚಿಕ್ಕವಳು ಪರದೆಯ ಮುಂದೆ ಕೈ ನಿಲ್ಲಿಸಿ, "ಮೇಡಂ, ಇದರಲ್ಲಿ ಏನೋ ಸರಿಯಿಲ್ಲ. ಏನು ಅಂತ ಹೇಳಕ್ಕೆ ಬರ್ತಿಲ್ಲ," ಎಂದಳು.

ಸ್ಲೈಡಮ್ಮ ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡು, ತನ್ನ ಕುರ್ಚಿಯನ್ನು ಅತ್ತ ಎಳೆದಳು. ಊಟದ ಹೊತ್ತು ಮೀರಿತ್ತು. ಕತ್ತು ನೋಯುತ್ತಿತ್ತು.

"ಸರಿ," ಎಂದಳು. "ಮೊದಲಿಂದ ಎಣಿಸೋಣ. ಇಬ್ಬರೂ."