ಸುಮ್ಮನಿರದ ಹೆಬ್ಬೆರಳು

ಬೆಳಕು ಹರಿಯುವ ಹೊತ್ತು. ಹರಿಹರದ ಮಗ್ಗುಲಿನ ಗುತ್ತೂರಿನಲ್ಲಿ ಹೊನ್ನಕ್ಕನ ಬಚ್ಚಲುಮನೆ ತುಂಬ ಹೊಗೆ. ಕಾಲು ನೀಡಿ ಕೂತ ಹೊನ್ನಕ್ಕ ಎಳೆ ಮೊಮ್ಮಗಳಿಗೆ ಎಣ್ಣೆ ತಿಕ್ಕುತ್ತಿದ್ದಾಳೆ. ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ ಪುಟ್ಟಕ್ಕ ಉಸಿರು ಬಿಗಿಹಿಡಿದು ಒಂದೇ ಒಂದು ಸಲ ಕ್ಲಿಕ್ಕಿಸುತ್ತಾರೆ. ಮರುಗಳಿಗೆ ಅವರ ಬಲಗೈ ಹೆಬ್ಬೆರಳು ತಾನಾಗಿಯೇ ಲಿವರ್ ಎಳೆದು ರೀಲನ್ನು ಮುಂದೆ ಸರಿಸುತ್ತದೆ.

ಬಾಣಂತಿ ಕೋಣೆಗೆ ಗಂಡಸು ಫೋಟೊಗ್ರಾಫರ್‌ಗಳನ್ನು ಯಾರೂ ಬಿಟ್ಟುಕೊಳ್ಳುವುದಿಲ್ಲ. ಪುಟ್ಟಕ್ಕನನ್ನು ಕರೆದು ಕೂರಿಸುತ್ತಾರೆ. ಗಾರೆ ಕೆಲಸಕ್ಕೆ ಹೋಗುತ್ತಿದ್ದ ಈ ಹೆಣ್ಣುಮಗಳು ತೀರಿಕೊಂಡ ಗಂಡನ ಕ್ಯಾಮೆರಾ ಹಿಡಿದು ಇಪ್ಪತ್ತು ವರ್ಷವಾಯಿತು. ದಿನಕ್ಕೆ ಒಂದೆರಡು ಮನೆ, ಮನೆಗೆ ಅರ್ಧ ರೀಲು. ಎಳೆಗೂಸಿನ ಕಣ್ಣಿಗೆ ಎಂದೂ ಫ್ಲ್ಯಾಶ್ ಹೊಡೆದವರಲ್ಲ. ಆದರೆ ದಾವಣಗೆರೆಯಲ್ಲಿ ಅವರ ರೀಲು ತೊಳೆಯುವ ಮಕ್ತುಮ್ ಸಾಬ್ ಬರುವ ತಿಂಗಳಿಂದ ಆ ಕೆಲಸ ನಿಲ್ಲಿಸುತ್ತಾರಂತೆ. ಆ ಸುದ್ದಿ ಕೇಳಿದಂದಿನಿಂದ ಪುಟ್ಟಕ್ಕನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಹೋದ ವರ್ಷ ಡಿಜಿಟಲ್‌ನಲ್ಲಿ ಒಮ್ಮೆ ಕೈ ಸುಟ್ಟುಕೊಂಡೂ ಆಗಿದೆ. ಆನೆಕೊಂಡದ ಬಿಂದು ಎಂಬಾಕೆಯ ಮಗನ ನಾಮಕರಣಕ್ಕೆ ಎರವಲು ಕ್ಯಾಮೆರಾ ಒಯ್ದಿದ್ದರು. ಪ್ರತಿ ಸಲ ಕ್ಲಿಕ್ಕಿಸಿದಾಗಲೂ ಹೆಬ್ಬೆರಳು ಇಲ್ಲದ ಲಿವರ್ ಎಳೆಯಿತು. ಅದೇ ಜಾಗದಲ್ಲಿ ಬೆಳಕು ಹೆಚ್ಚುಕಡಿಮೆ ಮಾಡುವ ಗಾಲಿ ಇತ್ತು. ಅದು ಒಂದೊಂದೇ ಹಲ್ಲು ತಿರುಗಿ, ಫೋಟೊದಿಂದ ಫೋಟೊಕ್ಕೆ ತೊಟ್ಟಿಲು, ಸೋದರತ್ತೆ, ಕೂಸು ಎಲ್ಲ ಕತ್ತಲಾದವು. ಹಿಂದಿನ ಪರದೆ ನೋಡಬೇಕೆಂದು ರೀಲಿನ ಕಾಲದ ಪುಟ್ಟಕ್ಕನಿಗೆ ಹೊಳೆಯಲೇ ಇಲ್ಲ.

“ಕ್ಯಾಮೆರಾ ಕಂಪನಿ ತಪ್ಪಲ್ರಿ, ನನ್ನ ಹೆಬ್ಬೆಳ್ಳಿಂದು,” ಎನ್ನುತ್ತಾರೆ ಪುಟ್ಟಕ್ಕ. “ ಬಿಂದು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚಲೋ ಇತ್ತು. ಹೆಸರಿಡಾದು ಇನ್ನೊಂದ್ಸಲ ಮಾಡಕ್ಕಾಗ್ತೈತೇನ್ರಿ?”

ಅಂದಿನಿಂದ ಪುಟ್ಟಕ್ಕ ಬಿಡುವಾದಾಗಲೆಲ್ಲ ದಾವಣಗೆರೆಯ ಕ್ಯಾಮೆರಾ ಅಂಗಡಿಗೆ ಎಡತಾಕುತ್ತಾರೆ. ಅಂಗಡಿಯ ಪರಶುರಾಮ್ ಮೆಗಾಪಿಕ್ಸೆಲ್ ಪುರಾಣ ಬಿಚ್ಚಿದರೆ, ಇವರು ಕಣ್ಣು ಮುಚ್ಚಿ ಹೆಬ್ಬೆರಳನ್ನೇ ಕೇಳುತ್ತಾರೆ. ಅಲ್ಲಿರುವ ನಿಕಾನ್‌ಗೆ ತಮ್ಮ ಹಳೇ ಲೆನ್ಸ್ ಕೂರುತ್ತದೆ, ಆದರೆ ಗಾಲಿ ಹೆಬ್ಬೆರಳಿನಡಿಗೇ ಇದೆ. ಕ್ಯಾನನ್‌ನಲ್ಲಿ ಗಾಲಿ ಮುಂದೆ, ತೋರುಬೆರಳಿನ ಹತ್ತಿರ. ಆದರೆ ಹಳೇ ಲೆನ್ಸ್ ಅದಕ್ಕಾಗದು. ಅತ್ತ ದರಿ, ಇತ್ತ ಪುಲಿ.

“ಆಟೋದಾಗೆ ಇಡ್ರಿ ಅಕ್ಕಾ, ಎಲ್ಲ ಅದೇ ನೋಡ್ಕಳ್ತೈತೆ,” ಎನ್ನುತ್ತಾರೆ ಪರಶುರಾಮ್.

“ಬ್ಯಾಡಪ್ಪ. ಕೋಣೆ ಕತ್ಲಿದ್ರೆ ಅದು ನನ್ನ ಕೇಳದಂಗೆ ಫ್ಲ್ಯಾಶ್ ಹೊಡಿತೈತೆ. ಕೂಸಿನ ಕಣ್ಣು ಏನಾಗ್ಬೇಕು?”

ಇವತ್ತು ಹೊನ್ನಕ್ಕನ ಮನೆಯಿಂದ ನೇರವಾಗಿ ಬಸ್ಸು ಹತ್ತಿ ಬಂದ ಪುಟ್ಟಕ್ಕ, ಮತ್ತೆ ಮನಸ್ಸು ಬದಲಾದೀತೆಂಬ ಹೆದರಿಕೆಗೆ ನಿಂತ ಕಾಲಲ್ಲೇ ಕ್ಯಾನನ್ ಕೊಳ್ಳುತ್ತಾರೆ. ಗಂಡನ ಹಳೇ ಲೆನ್ಸ್ ಬಿಡುವುದು ಸಂಕಟವೇ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ: ಬರುವ ಸೋಮವಾರ ಬಿಂದು ಮಗನ ಜವಳ, ಮೊದಲ ಕೂದಲು ತೆಗೆಸುವ ಶಾಸ್ತ್ರ. ಪುಟ್ಟಕ್ಕನಿಗೆ ಕರೆ ಬಂದಿಲ್ಲ.

“ಕರೀದ ಮನೆ ಹೊಸಲು ತುಳಿದಾಕಿ ಅಲ್ರಿ ನಾನು,” ಎನ್ನುತ್ತಾ ಹೊಸ ಕ್ಯಾಮೆರಾದ ಪಟ್ಟಿ ಬಿಗಿ ಮಾಡಿಕೊಳ್ಳುತ್ತಾರೆ. “ಈ ಸಲ ಹೋಗ್ತೀನಿ. ತೆಗಿ ಅಂದ್ರೆ ತೆಗಿತೀನಿ. ಅನ್ನದಿದ್ರೆ ಕೂಸಿನ ಕೈಗೆ ಒಂದು ಹಣ್ಣು ಕೊಟ್ಟು ಬರ್ತೀನಿ. ಕ್ಯಾಮೆರಾ ಮಾತ್ರ ಕೊರಳಾಗೇ ಇರ್ತೈತೆ.”